ಸಂದರ್ಶನದಲ್ಲಿ ತರ್ಕಬದ್ಧ ಉತ್ತರ

ನವದೆಹಲಿಯ ಶಹಜಹಾನ್ ರಸ್ತೆಯಲ್ಲಿರುವ ಧೋಲ್ಪುರ್ ಹೌಸ್ ಕೇಂದ್ರ ಲೋಕಸೇವಾ ಆಯೋಗದ ಕಚೇರಿ. ನಾಗರಿಕ ಸೇವೆಗಳ ಮುಖ್ಯ ಲಿಖಿತ ಪರೀಕ್ಷೆಯಲ್ಲಿ ಅರ್ಹತೆ ಪಡೆದವರು ವ್ಯಕ್ತಿತ್ವ ಪರೀಕ್ಷೆಗಾಗಿ ಇಲ್ಲಿಗೆ ಬರುತ್ತಾರೆ. ಒಟ್ಟು 2025 ಅಂಕಗಳಲ್ಲಿ ಈ ಸಂದರ್ಶನಕ್ಕೆ 275 ಅಂಕಗಳು ಮೀಸಲಾಗಿವೆ. ಇಲ್ಲಿ ಕನಿಷ್ಠ ಅಂಕದ ನಿಯಮವಿಲ್ಲ. ಆದರೆ ಆಯ್ಕೆಪಟ್ಟಿಯ ಅಂಚಿನಲ್ಲಿರುವವರಿಗೆ ಒಂದೆರಡು ಅಂಕಗಳೇ ನಿರ್ಣಾಯಕವಾಗುತ್ತವೆ.

ಕೇಂದ್ರ ಸರ್ಕಾರದ ಎಲ್ಲ ಹುದ್ದೆಗಳಿಗೂ ಸಂದರ್ಶನವಿರುವುದಿಲ್ಲ ಎಂಬುದನ್ನು ಉದ್ಯೋಗಾಕಾಂಕ್ಷಿಗಳು ಗಮನಿಸಬೇಕು. ‘ಬಿ’ ಗುಂಪಿನ ಪತ್ರಾಂಕಿತವಲ್ಲದ ಹುದ್ದೆಗಳಿಗೆ ಹಾಗೂ ‘ಸಿ’ ಗುಂಪಿನ ಹುದ್ದೆಗಳಿಗೆ ನೇಮಕಾತಿ ಸಂದರ್ಶನವನ್ನು 2016ರ ಜನವರಿ 1ರಿಂದ ಕೈಬಿಡಲಾಗಿದೆ. ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಗಳಲ್ಲಿ ತರ್ಕಶಕ್ತಿಯನ್ನು ಪ್ರಶ್ನೆಪತ್ರಿಕೆಯ ಮೂಲಕವೇ ಅಳೆಯಲಾಗುತ್ತದೆ. ಇಂತಹ ಹುದ್ದೆಗೆ ‘ಸಂದರ್ಶನದಲ್ಲಿ ಶಿಫಾರಸು ಮಾಡಿಸುತ್ತೇವೆ’ ಎಂದು ಹಣ ಕೇಳುವವರ ಮಾತು ಸುಳ್ಳೆಂದು ತಿಳಿಯಲು ಬೇರೆ ಸಾಕ್ಷ್ಯ ಬೇಕಿಲ್ಲ. ಇದೂ ಒಂದು ತರ್ಕವೇ.

ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ 80 ಪ್ರಶ್ನೆಗಳಿದ್ದು, ಅರ್ಹತೆಗೆ ಶೇಕಡ 33 ಅಂಕಗಳು ಸಾಕು. ಅಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿದರೆ ಮುಗಿಯಿತು. ಅದನ್ನು ಹೇಗೆ ಕಂಡುಕೊಂಡಿರಿ ಎಂದು ಯಾರೂ ಕೇಳುವುದಿಲ್ಲ. ಸಂದರ್ಶನ ಮಂಡಳಿ ಕೇಳುವುದು ಅದನ್ನೇ. ಮಾನಸಿಕ ಜಾಗರೂಕತೆ, ಸ್ಪಷ್ಟ ಹಾಗೂ ತರ್ಕಬದ್ಧ ನಿರೂಪಣೆ, ಸಮತೋಲನದ ನಿರ್ಣಯಶಕ್ತಿ ಮೊದಲಾದ ಗುಣಗಳನ್ನು ಪರಿಶೀಲಿಸಲಾಗುವುದೆಂದು ಆಯೋಗದ ಅಧಿಸೂಚನೆಯೇ ತಿಳಿಸುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ದೆಹಲಿಯಲ್ಲಿ 2016ರ ಜನವರಿ 1ರಿಂದ 15ರವರೆಗೆ ಸಮ-ಬೆಸ ಸಂಖ್ಯೆಯ ವಾಹನ ಯೋಜನೆ ಜಾರಿಯಲ್ಲಿತ್ತು. ‘ಇದರಿಂದ ವಾಯುಮಾಲಿನ್ಯ ಕಡಿಮೆಯಾಯಿತೇ?’ ಎಂದು ಮಂಡಳಿಯ ಸದಸ್ಯರು ಕೇಳಿದರೆನ್ನಿ. ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುವುದು ಉತ್ತರವಲ್ಲ. ಮಾಲಿನ್ಯದ ಬಗ್ಗೆ ಕಂಠಪಾಠ ಮಾಡಿದ್ದನ್ನೆಲ್ಲ ಒಪ್ಪಿಸುವುದೂ ಉತ್ತರವಲ್ಲ. ಮೊದಲು ಪ್ರಶ್ನೆಯೊಳಗೆ ಅಡಗಿರುವ ಊಹೆಯನ್ನು ಗುರುತಿಸಬೇಕು. ಅರ್ಧದಷ್ಟು ವಾಹನಗಳು ರಸ್ತೆಗಿಳಿಯಲಿಲ್ಲವೆಂಬುದು ಆ ಊಹೆ. ಅದು ನಿಜವಲ್ಲ. ದ್ವಿಚಕ್ರ ವಾಹನಗಳಿಗೂ ಸಿಎನ್‌ಜಿ ಬಳಸುವ ಕಾರುಗಳಿಗೂ ವಿನಾಯಿತಿ ಇತ್ತು, ನಿಯಮ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಅನ್ವಯಿಸುತ್ತಿತ್ತು, ಭಾನುವಾರ ಇರಲಿಲ್ಲ.

ಎರಡನೆಯದು ಹೋಲಿಕೆ. ಡಿಸೆಂಬರ್ ತಿಂಗಳ ಮಾಲಿನ್ಯವನ್ನು ಜನವರಿಯೊಂದಿಗೆ ಹೋಲಿಸಿದರೆ ಗಾಳಿಯ ವೇಗ, ಮಂಜು, ಉಷ್ಣಾಂಶಗಳೂ ಲೆಕ್ಕದಲ್ಲಿ ಬೆರೆತುಹೋಗುತ್ತವೆ. ಯೋಜನೆ ಜಾರಿಯಲ್ಲಿಲ್ಲದ, ಆದರೆ ಬಹುಮಟ್ಟಿಗೆ ಅದೇ ಹವೆಯುಳ್ಳ ಗಾಜಿಯಾಬಾದ್ ಅಥವಾ ಫರೀದಾಬಾದ್‌ನ ಅದೇ ದಿನಗಳ ಅಂಕಿಅಂಶಗಳೊಡನೆ ಹೋಲಿಸುವುದು ಹೆಚ್ಚು ಯುಕ್ತ. ಅದಾದ ಮೇಲೆ ಅಭ್ಯರ್ಥಿ ಹೀಗೆ ಹೇಳಬಹುದು: ‘ಯೋಜನೆಯ ಪರಿಣಾಮ ಸೀಮಿತವಾಗಿದ್ದಿರಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ವಿನಾಯಿತಿಗಳು ಬಹಳವಿದ್ದವು. ನೆರೆಯ ನಗರಗಳ ಅಂಕಿಅಂಶಗಳು ಬೇರೆ ರೀತಿ ತೋರಿಸಿದರೆ ಈ ಅಭಿಪ್ರಾಯವನ್ನು ಬದಲಿಸುತ್ತೇನೆ.’ ಅಭಿಪ್ರಾಯ ಯಾವುದೇ ಇರಲಿ, ಅದು ನಿಂತಿರುವ ಕಂಬಗಳು ಕಾಣುತ್ತವೆ. ಸದಸ್ಯರು ಅವುಗಳಲ್ಲೊಂದನ್ನು ಅಲುಗಾಡಿಸಿ ನೋಡುವುದು ಸಹಜ. ಅವರು ಹೊಸ ಸಂಗತಿಯನ್ನು ಮುಂದಿಟ್ಟರೆ ಒಪ್ಪಿಕೊಳ್ಳುವುದು ಸೋಲಲ್ಲ; ಸ್ವರ ಏರಿಸಿದರೆಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳುವುದು ಮಾತ್ರ ದೌರ್ಬಲ್ಯ. ತಿಳಿಯದ ವಿಷಯವನ್ನು ತಿಳಿಯದೆಂದು ಹೇಳಲು ಸಂಕೋಚಪಡಬೇಕಿಲ್ಲ.

ಕನ್ನಡದಲ್ಲಿ ಸಂದರ್ಶನ ನೀಡಬಯಸುವವರಿಗೆ ಇನ್ನೊಂದು ಮಾತು. ಅರ್ಜಿಯಲ್ಲಿ ಮೊದಲೇ ಭಾಷೆಯನ್ನು ಸೂಚಿಸಿದರೆ ಮಂಡಳಿಯ ಮುಂದೆ ದುಭಾಷಿಯ ನೆರವು ದೊರೆಯುತ್ತದೆ. ಆದರೆ ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಆದ್ದರಿಂದ’, ‘ಆದರೂ’ ಎಂದು ಉಪವಾಕ್ಯಗಳನ್ನು ಪೋಣಿಸುತ್ತ ಹೋದರೆ ಹೇಳುವವರು ಸಮ್ಮತಿಸುತ್ತಿದ್ದಾರೋ ನಿರಾಕರಿಸುತ್ತಿದ್ದಾರೋ ಎಂಬುದು ಕೊನೆಯ ಪದದವರೆಗೆ ದುಭಾಷಿಗೂ ಗೊತ್ತಾಗದು. ಆದಕಾರಣ ನಿಲುವನ್ನು ಮೊದಲು ಚಿಕ್ಕ ವಾಕ್ಯದಲ್ಲಿ ಹೇಳಿ, ‘ಏಕೆಂದರೆ’ ಎಂದು ಕಾರಣವನ್ನು ಪ್ರತ್ಯೇಕ ವಾಕ್ಯವಾಗಿ ಕೊಡುವುದು ಒಳ್ಳೆಯದು. ಒಂದು ಕಾರಣ ಮುಗಿದ ಮೇಲೆ ಕ್ಷಣಕಾಲ ನಿಲ್ಲಬೇಕು.

ಇದರ ಅಭ್ಯಾಸಕ್ಕೆ ದುಬಾರಿ ತರಬೇತಿ ಕೇಂದ್ರಗಳೇ ಬೇಕೆಂದಿಲ್ಲ. ಇಬ್ಬರು ಸ್ನೇಹಿತರು ಎದುರಿಗೆ ಕುಳಿತು, ಒಬ್ಬರು ಪ್ರಶ್ನೆ ಕೇಳಲಿ; ಇನ್ನೊಬ್ಬರು ಉತ್ತರವನ್ನು ಇಂಗ್ಲಿಷಿಗೋ ಹಿಂದಿಗೋ ಕೂಡಲೇ ಅನುವಾದಿಸಲಿ. ಅನುವಾದಿಸುವವರು ತಡವರಿಸಿದ ಜಾಗಗಳನ್ನು ಗುರುತು ಹಾಕಿಕೊಂಡು ಮರುದಿನ ಅದೇ ಪ್ರಶ್ನೆಗೆ ಮತ್ತೆ ಉತ್ತರಿಸಬೇಕು. ಬಹಳ ಸಲ ಆ ಜಾಗಗಳಲ್ಲಿ ಕೊರತೆ ಇರುವುದು ಭಾಷೆಯಲ್ಲಲ್ಲ, ಎರಡು ವಾಕ್ಯಗಳ ನಡುವೆ ಬಿಟ್ಟುಹೋದ ಕಾರಣದಲ್ಲಿ.