ಒಂದೇ ನಿಮಿಷ ಕೇಳಿ, ಪೂರ್ತಿ ಕೇಳಿ

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ಮಕ್ಕಳು ನನ್ನ ಹತ್ತಿರ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಒಂದೇ ಮಾತು: "ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಯಾರಾದರೂ ಮಾತಾಡಿದರೆ ತಲೆಬುಡ ತಿಳಿಯಲ್ಲ."

ಮಕ್ಕಳೇ, ಇದು ದಡ್ಡತನವಲ್ಲ. ಪುಸ್ತಕದಲ್ಲಿ ಬಿಡಿಬಿಡಿಯಾಗಿ ಕಂಡ ಪದಗಳು ಬಾಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 'ಏನು ಮಾಡುತ್ತಿದ್ದೀಯ' ಎಂದು ಬರೆಯುವ ನಾವು 'ಏನ್ಮಾಡ್ತಿದೀಯ' ಎಂದೇ ಅಲ್ಲವೇ ಕೇಳುವುದು? ಇಂಗ್ಲಿಷ್‌ನಲ್ಲೂ ಅಷ್ಟೇ, 'ಡಿಡ್ ಯು' ಹೋಗಿ 'ಡಿಜ್ಯು' ಆಗುತ್ತದೆ, 'ವಾಂಟ್ ಟು' ಹೋಗಿ 'ವಾನ' ಆಗುತ್ತದೆ. ಇನ್ನೊಂದು ತೊಡಕೂ ಇದೆ. ನಾವು ಪ್ರತಿ ಅಕ್ಷರವನ್ನೂ ಅದರ ಪಾಲಿನ ಹೊತ್ತು ಕೊಟ್ಟು ಉಚ್ಚರಿಸುವವರು. ಇಂಗ್ಲಿಷರು ಒಂದು ಕಡೆ ಒತ್ತು ಕೊಟ್ಟು ಉಳಿದದ್ದನ್ನು ನುಂಗಿಬಿಡುತ್ತಾರೆ. 'ಕಂಫರ್ಟಬಲ್' ಅವರ ಬಾಯಲ್ಲಿ 'ಕಂಫ್ಟಬಲ್'. ಕಿವಿ ಪಳಗಬೇಕಾದದ್ದು ಈ ನುಂಗಿದ ಜಾಗಗಳಲ್ಲಿ.

ಅದಕ್ಕೆ ಬೇಕಾದದ್ದೆಲ್ಲ ನಿಮ್ಮ ಮೊಬೈಲ್‌ನಲ್ಲೇ ಇದೆ. ಆದರೆ ರೀಲ್ಸ್ ಸರಿಸುತ್ತಾ ಕೂತರೆ ಬರುವುದಿಲ್ಲ. ಅಲ್ಲಿ ಮುಖಭಾವ, ಸಂಗೀತ, ಪರದೆಯ ಮೇಲಿನ ಬರಹ ಎಲ್ಲ ಸೇರಿ ಅರ್ಥ ಹೇಳಿಬಿಡುತ್ತವೆ, ಕಿವಿಗೆ ಕೆಲಸವೇ ಇರುವುದಿಲ್ಲ.

ಯೂಟ್ಯೂಬ್‌ನಲ್ಲಿ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನವರ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಹುಡುಕಿ. ಆರು ನಿಮಿಷವೂ ಬೇಡ, ಒಂದು ನಿಮಿಷ ಸಾಕು. ಮೊದಲು ಮೊಬೈಲ್ ಬೋರಲು ಹಾಕಿ ಬರೀ ಕೇಳಿ. ಆಮೇಲೆ ವಾಕ್ಯಕ್ಕೊಮ್ಮೆ ನಿಲ್ಲಿಸಿ, ಕೇಳಿಸಿದ್ದನ್ನು ಬರೆಯಿರಿ; ಕಷ್ಟವಾದರೆ ವೇಗವನ್ನು 0.75ಕ್ಕೆ ಇಳಿಸಿ. ಕೊನೆಗೆ ಅವರ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುವ ಬರಹರೂಪದ ಜೊತೆ ಹೋಲಿಸಿ. ಯಂತ್ರ ತಾನಾಗಿ ಹಾಕುವ ಕ್ಯಾಪ್ಷನ್ ನಂಬಬೇಡಿ, ಅದೂ ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ನಿಮಗೆ ತಪ್ಪಿದ ಪದ ಹೆಚ್ಚಾಗಿ 'ಆಫ್', 'ಟು', 'ಹ್ಯಾಡ್'ನಂಥ ಚಿಕ್ಕದೇ ಆಗಿರುತ್ತದೆ, ಗೊತ್ತಿಲ್ಲದ ದೊಡ್ಡ ಪದವಲ್ಲ. ಅದನ್ನು ಗುರುತು ಹಾಕಿಕೊಂಡು, ಪೂರ್ತಿ ವೇಗದಲ್ಲಿ ಅವರ ಜೊತೆಜೊತೆಗೇ ಗಟ್ಟಿಯಾಗಿ ಹೇಳಿ. ಬಾಯಿಗೆ ಬಂದ ಶಬ್ದವನ್ನು ಕಿವಿ ಬೇಗ ಹಿಡಿಯುತ್ತದೆ.

ಇದೂ ಕಷ್ಟ ಅನ್ನಿಸಿದರೆ ನಿಮಗೆ ಮೊದಲೇ ಗೊತ್ತಿರುವ ವಿಷಯ ಹಿಡಿಯಿರಿ. ರಾತ್ರಿ ನೋಡಿದ ಕ್ರಿಕೆಟ್ ಪಂದ್ಯದ ಬಗ್ಗೆ ಬೆಳಿಗ್ಗೆ ವೀಕ್ಷಕ ವಿವರಣೆಗಾರ ಹರ್ಷ ಭೋಗ್ಲೆ ಇಂಗ್ಲಿಷ್‌ನಲ್ಲಿ ಮಾತಾಡುವುದನ್ನು ಕೇಳಿ. ಯಾರು ಔಟಾದರು, ಎಲ್ಲಿ ಪಂದ್ಯ ಕೈಜಾರಿತು ಎಲ್ಲ ಗೊತ್ತಿರುವುದರಿಂದ ಗಮನವೆಲ್ಲ ಮಾತಿನ ಮೇಲಿರುತ್ತದೆ. ಎಂಜಿನಿಯರಿಂಗ್ ಓದುವವರಿಗೆ ಐಐಟಿ ಅಧ್ಯಾಪಕರ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳಿವೆ. ಭಾರತೀಯರ ಇಂಗ್ಲಿಷ್‌ನಿಂದ ಶುರು ಮಾಡುವುದರಲ್ಲಿ ಕೀಳರಿಮೆ ಏನೂ ಬೇಡ. ನಾಳೆ ಬೆಂಗಳೂರಿನಲ್ಲಿ ನಿಮ್ಮನ್ನು ಸಂದರ್ಶನ ಮಾಡುವವರು ಬಹುಪಾಲು ಹಾಗೇ ಮಾತಾಡುವವರು.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರು ಮಾತ್ರ ಒಂದು ನೆನಪಿಡಿ. ಅದರ ಆಲಿಸುವ ಭಾಗದಲ್ಲಿ 40 ಪ್ರಶ್ನೆ, ಧ್ವನಿಮುದ್ರಿಕೆ ಕೇಳಿಸುವುದು ಒಂದೇ ಸಲ. ಹಾಗಾಗಿ ಪರೀಕ್ಷೆ ಹತ್ತಿರ ಬಂದಾಗ ನಿಲ್ಲಿಸಿ ಕೇಳುವ ಅಭ್ಯಾಸ ಬಿಟ್ಟು, ಒಂದು ಪದ ತಪ್ಪಿದರೂ ಅದರ ಹಿಂದೆ ಹೋಗದೆ ಮುಂದಿನ ವಾಕ್ಯಕ್ಕೆ ಕಿವಿಗೊಡಿ. ಕೆಲಸದ ಫೋನ್ ಕರೆಯಲ್ಲಾದರೆ ಈ ಕಟ್ಟುಪಾಡಿಲ್ಲ. ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ. ಇಂಗ್ಲಿಷೇ ತಾಯಿನುಡಿಯಾದವರೂ ದಿನಾ ಹಾಗೆ ಕೇಳುತ್ತಾರೆ.