ಉಗುರು ಕಚ್ಚುವ ಚಾಳಿಯೂ ಸಮ್ಮೋಹನ ಚಿಕಿತ್ಸೆಯೂ

ಪರೀಕ್ಷಾ ಮಂದಿರದಲ್ಲಿ ಪ್ರಶ್ನಪತ್ರಿಕೆಯನ್ನು ಓದುತ್ತಿರುವ ವಿದ್ಯಾರ್ಥಿಗಳನ್ನು ಗಮನಿಸಿದರೆ, ಕೆಲವರ ಬೆರಳುಗಳು ಬಾಯಿಯ ಕಡೆಗೆ ಸಾಗುತ್ತಿರುವುದು ಕಂಡುಬರುತ್ತದೆ. ಕೆಲವರು ಉಗುರನ್ನು ಕಚ್ಚುವರು. ಕೆಲವರು ಉಗುರಿನ ಬದಿಯ ಚರ್ಮವನ್ನು ಕೀಳುವರು. ಮತ್ತೆ ಕೆಲವರು ತಲೆಗೂದಲ ಎಳೆಯೊಂದನ್ನು ಬೆರಳಿಗೆ ಸುತ್ತಿ ಎಳೆಯುವರು. ಏಕೆ ಹೀಗೆ ಮಾಡುವೆಯೆಂದು ಕೇಳಿದರೆ ಅವರಿಗೇ ಆಶ್ಚರ್ಯವಾಗುತ್ತದೆ. ಕೈ ಯಾವಾಗ ಮೇಲೆದ್ದಿತೆಂಬುದೇ ಅವರಿಗೆ ತಿಳಿಯದು. ಸಮ್ಮೋಹನದಿಂದ ಇಂಥ ಚಾಳಿಗಳನ್ನು ಬಿಡಿಸಬಹುದೆಂದು ಹೇಳುವುದುಂಟು. ಈ ಮಾತಿನಲ್ಲಿ ಎಷ್ಟು ಸತ್ಯಾಂಶವಿದೆಯೆಂಬುದನ್ನು ವಿಚಾರಿಸೋಣ.

ಚಾಳಿಯ ಸ್ವರೂಪ

ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿಯಾಗಿ ಹೊಸದಾಗಲು ಅದಕ್ಕೆ ಸುಮಾರು ಆರು ತಿಂಗಳು ಬೇಕು. ಎಡೆಬಿಡದೆ ಕಚ್ಚುವವರಲ್ಲಿ ಉಗುರು ಮೊಂಡಾಗಿ, ಬದಿಯ ಚರ್ಮ ಹರಿದು, ಉಗುರುಸುತ್ತು ಆಗುವುದುಂಟು. ಜಂತುಹುಳುವಿನ ಮೊಟ್ಟೆಗಳು ಉಗುರಿನ ಸಂದಿನಿಂದ ಬಾಯಿಗೆ ಸೇರಬಹುದು. ಉಗುರು ಹುಟ್ಟುವ ಬುಡಕ್ಕೇ ಪೆಟ್ಟಾದರೆ ಅದರ ಆಕಾರ ಕೆಡಬಹುದು. ಇವೆಲ್ಲಕ್ಕಿಂತ ದೊಡ್ಡದು ಮನಸ್ಸಿನ ಸಂಕೋಚ. ನಾಲ್ಕು ಜನರ ಮುಂದೆ ಕೈ ನೀಡಲು ನಾಚಿ, ಬೆರಳುಗಳನ್ನು ಮುಷ್ಟಿಯೊಳಗೆ ಮರೆಸಿಕೊಳ್ಳುವ ಯುವಕ ಯುವತಿಯರು ನಮ್ಮಲ್ಲಿ ಕಡಿಮೆಯಿಲ್ಲ.

ಇದನ್ನು ಮನೋದೌರ್ಬಲ್ಯವೆಂದು ನಿಂದಿಸುವುದು ಸರಿಯಲ್ಲ. ಬೈಸಿಕಲ್ ಸವಾರಿಯನ್ನು ಕಲಿಯುವಾಗ ಮೊದಮೊದಲು ಪ್ರತಿಯೊಂದು ಚಲನೆಗೂ ಗಮನ ಕೊಡಬೇಕಾಗುತ್ತದೆ. ಕಲಿತ ಮೇಲೆ ಕಾಲುಗಳು ತಮ್ಮಷ್ಟಕ್ಕೆ ತುಳಿಯುತ್ತವೆ. ಉಗುರು ಕಚ್ಚುವುದೂ ಹೀಗೆಯೇ ರೂಢವಾದ ಒಂದು ಚಲನೆ. ಆತಂಕವೋ ಬೇಸರವೋ, ಇಲ್ಲವೆ ಉಗುರಿನ ಒರಟು ಅಂಚೋ ಅದನ್ನು ಪ್ರಚೋದಿಸುತ್ತದೆ; ಕಚ್ಚಿದೊಡನೆ ಕ್ಷಣಮಾತ್ರದ ಸಮಾಧಾನ ದೊರೆಯುತ್ತದೆ; ಆ ಸಮಾಧಾನವೇ ಮುಂದಿನ ಸಲಕ್ಕೆ ದಾರಿಯನ್ನು ಸವೆಸುತ್ತದೆ. ತಾಯಂದಿರು ಮಕ್ಕಳ ಬೆರಳಿಗೆ ಬೇವಿನೆಣ್ಣೆಯನ್ನು ಹಚ್ಚುವುದುಂಟು. ಆ ಕಹಿಯಿಂದ ಮಗುವಿಗೆ ತನ್ನ ಕೈ ಎಲ್ಲಿದೆಯೆಂಬ ಎಚ್ಚರ ಬರುತ್ತದೆ. ಎಣ್ಣೆ ಅಳಿಸಿಹೋದಾಗ ಎಚ್ಚರವೂ ಅಳಿಸಿಹೋಗುವುದೇ ಆ ಉಪಾಯದ ಮಿತಿ.

ಅಯಸ್ಕಾಂತವಲ್ಲ, ಕಲ್ಪನೆ

ಸಮ್ಮೋಹನವೆಂದರೆ ಒಬ್ಬನು ಮತ್ತೊಬ್ಬನ ಮೇಲೆ ಬೀರುವ ಯಾವುದೋ ಶಕ್ತಿಯೆಂಬ ಭಾವನೆ ಇಂದಿಗೂ ಜನರಲ್ಲಿದೆ. ಭೌತವಿಜ್ಞಾನದ ವಿದ್ಯಾರ್ಥಿಗಳಾದ ನಾವು ಇಂಥ ಶಕ್ತಿಯ ಹೆಸರನ್ನು ಕೇಳಿದಾಗ, ಅದನ್ನು ಪರೀಕ್ಷಿಸುವ ಬಗೆ ಹೇಗೆಂದು ಮೊದಲು ಯೋಚಿಸಬೇಕು. ಆ ಪರೀಕ್ಷೆ 1784ರಲ್ಲಿಯೇ ನಡೆದಿದೆ.

ಫ್ರಾಂಟ್ಸ್ ಮೆಸ್ಮರ್ ಎಂಬ ವೈದ್ಯನು ಪ್ರಾಣಿಗಳ ದೇಹದಲ್ಲಿ ಅಯಸ್ಕಾಂತದಂಥ ಒಂದು ಸೂಕ್ಷ್ಮ ದ್ರವವು ಹರಿಯುತ್ತದೆಂದೂ, ಅದನ್ನು ತಾನು ನಿಯಂತ್ರಿಸಿ ರೋಗಗಳನ್ನು ಗುಣಪಡಿಸಬಲ್ಲೆನೆಂದೂ ಸಾರಿದನು. ಪ್ಯಾರಿಸ್ ನಗರವು ಅವನ ಹಿಂದೆ ಬಿದ್ದಿತು. ಆಗ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯು ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿದನು. ವಿದ್ಯುಚ್ಛಕ್ತಿಯ ಪ್ರಯೋಗಗಳಿಗೆ ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್‌ನೂ ರಸಾಯನ ವಿಜ್ಞಾನಿ ಲವಾಸಿಯೇಯೂ ಅದರ ಸದಸ್ಯರಾಗಿದ್ದರು. ಫ್ರಾಂಕ್ಲಿನ್‌ನ ಮನೆಯ ತೋಟದಲ್ಲಿ ಮೆಸ್ಮರನ ಶಿಷ್ಯನೊಬ್ಬನು ಒಂದು ಜರದಾಳು ಮರಕ್ಕೆ ತನ್ನ 'ಶಕ್ತಿ'ಯನ್ನು ತುಂಬಿದನು. ಬಳಿಕ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಬೇರೆ ನಾಲ್ಕು ಮರಗಳ ಬಳಿಗೆ ಒಂದಾದ ಮೇಲೊಂದರಂತೆ ಕರೆದೊಯ್ದರು. ಅವುಗಳಲ್ಲಿ ಒಂದಕ್ಕೂ ಶಕ್ತಿಯನ್ನು ತುಂಬಿರಲಿಲ್ಲ. ಆದರೂ ಹುಡುಗನು ಬೆವತು, ನಾಲ್ಕನೆಯ ಮರದ ಬಳಿ ಮೂರ್ಛೆಹೋದನು! ಪರಿಣಾಮವು ನಿಜ, ಅದರ ಕಾರಣ ಮರದಲ್ಲಿರಲಿಲ್ಲ, ಹುಡುಗನ ನಿರೀಕ್ಷೆಯಲ್ಲಿತ್ತು. ದ್ರವವಿಲ್ಲದೆ ಕಲ್ಪನೆಯೊಂದೇ ಇಷ್ಟನ್ನೂ ಮಾಡಬಲ್ಲುದು, ಕಲ್ಪನೆಯಿಲ್ಲದೆ ದ್ರವವು ಏನನ್ನೂ ಮಾಡಲಾರದು ಎಂಬುದು ಮಂಡಲಿಯ ತೀರ್ಮಾನದ ಸಾರ.

ಕಲ್ಪನೆಗೆ ಇಷ್ಟು ಬಲವಿದ್ದರೆ ಅದನ್ನೇ ಚಿಕಿತ್ಸೆಗೆ ಬಳಸಬಾರದೇಕೆ? ಈ ಹಾದಿಯಲ್ಲಿ ಮುಂದುವರಿದವರಲ್ಲಿ ಮ್ಯಾಂಚೆಸ್ಟರಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಮುಖ್ಯನು. ಹೊಳೆಯುವ ವಸ್ತುವೊಂದನ್ನು ರೆಪ್ಪೆ ಮಿಟುಕಿಸದೆ ದಿಟ್ಟಿಸುವುದರಿಂದಲೇ ಸಮ್ಮೋಹನ ಸ್ಥಿತಿಯುಂಟಾಗುವುದೆಂದು ಅವನು ತೋರಿಸಿ, 1843ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಗ್ರೀಕ್ ಭಾಷೆಯ 'ನಿದ್ರೆ' ಎಂಬ ಶಬ್ದದಿಂದ 'ಹಿಪ್ನಾಟಿಸಂ' ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ. ಆದರೆ ಈ ಸ್ಥಿತಿ ನಿದ್ರೆಯಲ್ಲವೆಂದೂ, ಮನಸ್ಸು ಒಂದೇ ಭಾವದಲ್ಲಿ ನೆಲೆಗೊಳ್ಳುವುದೇ ಇದರ ಲಕ್ಷಣವೆಂದೂ ಮುಂದೆ ಅವನಿಗೇ ಮನವರಿಕೆಯಾಯಿತು. ಮಿದುಳಿನ ವಿದ್ಯುದಲೆಗಳನ್ನು ದಾಖಲಿಸುವ ಯಂತ್ರವೂ ಇದನ್ನು ಸಮರ್ಥಿಸಿದೆ. ಸಮ್ಮೋಹಿತನ ಅಲೆಗಳು ನಿದ್ರಿಸುವವನ ಅಲೆಗಳಂತಿರುವುದಿಲ್ಲ.

ಚಿಕಿತ್ಸೆ ನಡೆಯುವ ಬಗೆ

ವೈದ್ಯರು ಮೊದಲು ಚಾಳಿಯ ವಿವರಗಳನ್ನು ಕೇಳಿ ತಿಳಿಯುವರು. ಬಳಿಕ ರೋಗಿಯನ್ನು ಕುರ್ಚಿಯಲ್ಲಿ ಆರಾಮವಾಗಿ ಕುಳ್ಳಿರಿಸಿ, ಒಂದು ಬಿಂದುವಿನಲ್ಲಿ ದೃಷ್ಟಿಯಿಟ್ಟು ಮೆಲ್ಲಗೆ ಉಸಿರಾಡುವಂತೆ ಹೇಳುವರು. ಮೈ ಸಡಿಲಗೊಂಡು ಗಮನ ಒಂದೆಡೆ ನಿಂತಾಗ ಸೂಚನೆಯನ್ನು ಕೊಡುವರು. "ನಿಮ್ಮ ಕೈ ಮುಖದ ಕಡೆಗೆ ಏಳತೊಡಗಿದೊಡನೆ ಅದು ನಿಮ್ಮ ಗಮನಕ್ಕೆ ಬರುವುದು, ಕೈ ತಾನಾಗಿ ಕೆಳಗಿಳಿದು ತೊಡೆಯ ಮೇಲೆ ವಿಶ್ರಮಿಸುವುದು" ಎಂಬುದು ಇಂಥ ಸೂಚನೆಯ ಮಾದರಿ. ಪರೀಕ್ಷೆಯ ದಿನವನ್ನು ಕಲ್ಪಿಸಿಕೊಂಡು, ಅಲ್ಲಿ ಶಾಂತವಾಗಿ ಕುಳಿತಿರುವಂತೆ ಭಾವಿಸಲು ಹೇಳುವುದೂ ಉಂಟು. ಮನೆಯಲ್ಲಿ ಇದನ್ನೇ ಸ್ವತಃ ಅಭ್ಯಾಸಮಾಡಲು ಕಲಿಸುತ್ತಾರೆ. ಈ ಸ್ಥಿತಿಯಲ್ಲಿ ರೋಗಿಗೆ ಮಾತುಗಳು ಕೇಳಿಸುತ್ತಿರುತ್ತವೆ. ಅವನು ಇನ್ನೊಬ್ಬರ ಕೈಗೊಂಬೆಯಾಗುವುದಿಲ್ಲ.

ಎಲ್ಲರೂ ಸಮ್ಮೋಹನಕ್ಕೆ ಸಮಾನವಾಗಿ ಒಳಗಾಗುವುದಿಲ್ಲ. 1959ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವೈಟ್ಸನ್‌ಹಾಫರ್ ಮತ್ತು ಹಿಲ್ಗಾರ್ಡ್ ಎಂಬವರು ಹನ್ನೆರಡು ಅಂಶಗಳ ಒಂದು ಮಾಪಕವನ್ನು ರಚಿಸಿದರು. ಅಂಥ ಮಾಪಕಗಳಿಂದ ಅಳೆದಾಗ ಬಹುಮಂದಿ ಮಧ್ಯಮ ಮಟ್ಟದಲ್ಲಿರುವರು. ಬಹಳ ಹೆಚ್ಚಾಗಿ ಸ್ಪಂದಿಸುವವರೂ ಸ್ವಲ್ಪವೂ ಸ್ಪಂದಿಸದವರೂ ಕೆಲವರೇ.

ಒಂದು ವಿಚಿತ್ರ ಪ್ರಯೋಗ

ಸೂಚನೆ ನಿದ್ರೆಯಲ್ಲಿಯೂ ನಾಟುವುದೇ? ಅಮೆರಿಕದ ಮನೋವಿಜ್ಞಾನಿ ಲಾರೆನ್ಸ್ ಲೆಷಾನ್‌ನು 1942ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇಸಿಗೆಯ ಶಿಬಿರದಲ್ಲಿದ್ದ ಉಗುರು ಕಚ್ಚುವ 20 ಹುಡುಗರು ಮಲಗಿದ ಮೇಲೆ, ಉಗುರು ಬಲು ಕಹಿಯೆಂಬ ಅರ್ಥದ ವಾಕ್ಯವನ್ನು ಗ್ರಾಮಾಫೋನಿನಿಂದ ನುಡಿಸಿದನು. ರಾತ್ರಿಗೆ 300 ಸಲದಂತೆ 54 ರಾತ್ರಿ! ಯಂತ್ರ ಕೆಟ್ಟಾಗ ಸ್ವತಃ ತಾನೇ ನಿಂತು ಆ ವಾಕ್ಯವನ್ನು ಜಪಿಸಿದನು. ಕೊನೆಗೆ 8 ಹುಡುಗರು ಚಾಳಿಯನ್ನು ಬಿಟ್ಟರು. ಆ ವಾಕ್ಯವನ್ನು ಕೇಳದ ಗುಂಪಿನಲ್ಲಿ ಯಾರೂ ಬಿಡಲಿಲ್ಲ.

ಇದು ನಿದ್ರೆಯ ಮಹಿಮೆಯೇ? ಹುಡುಗರು ನಿಜವಾಗಿ ನಿದ್ರಿಸುತ್ತಿದ್ದರೆಂದು ತಿಳಿಯಲು ಮಿದುಳಿನ ಅಲೆಗಳ ದಾಖಲೆ ಇರಲಿಲ್ಲ. 1950ರ ದಶಕದಲ್ಲಿ ಸೈಮನ್ ಮತ್ತು ಎಮನ್ಸ್ ಎಂಬವರು ಆ ಅಲೆಗಳನ್ನು ದಾಖಲಿಸುತ್ತ ನಿದ್ರೆಯಲ್ಲಿನ ಕಲಿಕೆಯನ್ನು ಪರೀಕ್ಷಿಸಿದಾಗ, ಗಾಢನಿದ್ರೆಯಲ್ಲಿ ಕಲಿಕೆ ಕಂಡುಬರಲಿಲ್ಲ. ಎಚ್ಚರದ ಸೂಚನೆಯಾದ ಅಲೆಗಳಿದ್ದಾಗ ಕೇಳಿದ್ದು ಮಾತ್ರ ನೆನಪಿನಲ್ಲಿ ಉಳಿದಿತ್ತು. ಮಲಗಿದವರಿಗೆ ಪಾಠ ಹೇಳುವ ಉಪಕರಣಗಳ ಜಾಹೀರಾತನ್ನು ಕಂಡಾಗ ವಿದ್ಯಾರ್ಥಿಗಳು ಇದನ್ನು ನೆನೆಯಬೇಕು.

ತಕ್ಕಡಿಯಲ್ಲಿಟ್ಟು ನೋಡಿದರೆ

ಉಗುರು ಕಚ್ಚುವುದಕ್ಕೆ ಸಮ್ಮೋಹನವನ್ನು ಬಳಸಿ ನಡೆಸಿದ ಪ್ರಯೋಗಗಳು ಕೆಲವೇ. ಅವುಗಳಲ್ಲಿ ಭಾಗವಹಿಸಿದವರೂ ಹೆಚ್ಚಿಲ್ಲ. ಕೆಲವರಿಗೆ ಪ್ರಯೋಜನವಾಗಿದೆಯೆನ್ನಬಹುದಲ್ಲದೆ, ಸಿದ್ಧವಾದ ಚಿಕಿತ್ಸೆಯೆನ್ನಲಾಗದು. ಇದಕ್ಕಿಂತ ಬಲವಾದ ಆಧಾರವಿರುವುದು 1973ರಲ್ಲಿ ಅಜ್ರಿನ್ ಮತ್ತು ನನ್ ಎಂಬವರು ಪ್ರಕಟಿಸಿದ ಚಾಳಿ ತಿರುಗಿಸುವ ಕ್ರಮಕ್ಕೆ. ಕೈ ಏಳುವುದನ್ನು ಮೊದಲ ಕ್ಷಣದಲ್ಲಿಯೇ ಗುರುತಿಸುವುದು ಅದರ ಒಂದನೆಯ ಅಂಗ. ಒಡನೆಯೇ ಅದಕ್ಕೆ ವಿರುದ್ಧವಾದ ಕೆಲಸವನ್ನು, ಎಂದರೆ ಒಂದರಿಂದ ಮೂರು ನಿಮಿಷ ಮುಷ್ಟಿ ಬಿಗಿಯುವುದನ್ನೋ ಪೆನ್ಸಿಲನ್ನು ಹಿಡಿಯುವುದನ್ನೋ ಮಾಡುವುದು ಎರಡನೆಯದು. ಸಮ್ಮೋಹನದ ಸೂಚನೆಯೂ ಈ ಎರಡನ್ನೇ ಹೇಳುತ್ತದೆಂಬುದನ್ನು ವಾಚಕರು ಗಮನಿಸಿರಬಹುದು. ಆದುದರಿಂದ ಸಮ್ಮೋಹನವನ್ನು ಈ ಅಭ್ಯಾಸಕ್ಕೆ ಒತ್ತಾಸೆಯೆಂದು ಭಾವಿಸುವುದು ಯುಕ್ತ. ಅಭ್ಯಾಸದ ಬದಲಿಗೆ ಅದನ್ನೇ ನೆಚ್ಚುವುದು ಯುಕ್ತವಲ್ಲ.

ಇದನ್ನು ಯಾರು ಬೇಕಾದರೂ ಪ್ರಯೋಗಿಸಿ ನೋಡಬಹುದು. ಮೊದಲ ವಾರ ಚಾಳಿಯನ್ನು ತಡೆಯಬೇಡಿ. ಕೈ ಬಾಯಿಗೆ ಹೋದಾಗಲೆಲ್ಲ ಕಿರುಪುಸ್ತಕದಲ್ಲಿ ಒಂದು ಗೀಟು ಹಾಕಿ, ಸಮಯವನ್ನೂ ಆಗ ಮಾಡುತ್ತಿದ್ದ ಕೆಲಸವನ್ನೂ ಬರೆಯಿರಿ. ಎರಡನೆಯ ವಾರದಿಂದ ವಿರುದ್ಧ ಕ್ರಿಯೆಯನ್ನು ಆರಂಭಿಸಿರಿ. ಪ್ರತಿ ಭಾನುವಾರ ಹೆಬ್ಬೆರಳಿನ ಉಗುರಿನ ಉದ್ದವನ್ನು ಅಳತೆಪಟ್ಟಿಯಿಂದ ಅಳೆದು ಗುರುತುಹಾಕಿರಿ. ತಿಂಗಳಿಗೆ 3 ಮಿಲಿಮೀಟರಿನ ಲೆಕ್ಕಕ್ಕೆ ಅದು ಹತ್ತಿರವಾದಷ್ಟೂ ನಿಮ್ಮ ಗೆಲವು.

ಗೆಳೆಯರನ್ನು ಸಮ್ಮೋಹನಗೊಳಿಸುವ ಆಟಕ್ಕೆ ಮಾತ್ರ ಕೈಹಾಕಬಾರದು. ರಂಗದ ಮೇಲೆ ಅದನ್ನು ಪ್ರದರ್ಶಿಸುವವನು ಚಿಕಿತ್ಸಕನಲ್ಲ. ರಕ್ತ ಬರುವಷ್ಟು ಚರ್ಮವನ್ನು ಕೀಳುವುದು, ತಲೆ ಬೋಳಾಗುವಷ್ಟು ಕೂದಲನ್ನು ಕೀಳುವುದು ಇವು ವೈದ್ಯಶಾಸ್ತ್ರವು ಹೆಸರಿಟ್ಟು ಗುರುತಿಸಿರುವ ಕಾಯಿಲೆಗಳು. ಇವಕ್ಕೆ ಮನೋವೈದ್ಯರನ್ನಾಗಲಿ, ತರಬೇತಿ ಪಡೆದ ಚಿಕಿತ್ಸಾ ಮನೋವಿಜ್ಞಾನಿಗಳನ್ನಾಗಲಿ ಕಾಣುವುದು ಅವಶ್ಯಕ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಲ್ಲಿ ಇಂಥವರು ದೊರೆಯುತ್ತಾರೆ. ಹಲ್ಲುನೋವಿಗೆ ದಂತವೈದ್ಯರನ್ನು ಕಾಣುವುದರಲ್ಲಿ ಇಲ್ಲದ ನಾಚಿಕೆ ಇದರಲ್ಲಿಯೂ ಬೇಕಾಗಿಲ್ಲ.