ಆರೋಗ್ಯ ಪ್ರಶ್ನೋತ್ತರ: ಕೊಳವೆಯಲ್ಲಿ ಕಂಡದ್ದೆಲ್ಲ ಹೊಟ್ಟೆಗೆ ಸಲ್ಲದು

ಪ್ರಶ್ನೆ: ಆಹಾರದ ಆ್ಯಂಟಿಆಕ್ಸಿಡೆಂಟನ್ನು ಈಗ ನ್ಯಾನೊಜೈಮ್‌ನಿಂದ ಅಳೆಯುತ್ತಾರಂತೆ. ನಮ್ಮೂರ ವೀಳ್ಯದೆಲೆಯಲ್ಲೂ ಅದು ಹೇರಳವಂತೆ. ಅಂದಮೇಲೆ ದಿನಾ ಎಲೆ-ಅಡಿಕೆ ಹಾಕಿಕೊಂಡರೆ ಒಳ್ಳೆಯದೇ ಅಲ್ಲವೇ?
– ಓದುಗರು, ಸವಣೂರು

ಉತ್ತರ: ಅಳೆಯುವುದು ನಿಜ. ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು ಪೆರಾಕ್ಸಿಡೇಸ್ ಎಂಬ ಕಿಣ್ವದ ಕೆಲಸ ಮಾಡುತ್ತವೆಂದು ಚೀನಾದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಇಂಥ ಕಣಗಳೇ ನ್ಯಾನೊಜೈಮ್. ಟಿಎಂಬಿ ಎಂಬ ಬಣ್ಣವಿಲ್ಲದ ರಾಸಾಯನಿಕಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಈ ಕಣ ಸೇರಿಸಿದರೆ ನೀಲಿಯಾಗುತ್ತದೆ. ನಿಂಬೆರಸ ಹಾಕಿದರೆ, ಅದರ ಆ್ಯಂಟಿಆಕ್ಸಿಡೆಂಟಿನಿಂದ ನೀಲಿ ತಿಳಿಯಾಗುತ್ತದೆ. ಎಷ್ಟು ತಿಳಿಯಾಯಿತು ಎಂಬುದೇ ಲೆಕ್ಕ. ಆದರೆ ಅದು ಗಾಜಿನ ಕೊಳವೆಯ ಲೆಕ್ಕ. ಇಂಥದ್ದೇ ಅಂಕಪಟ್ಟಿಯೊಂದನ್ನು ಪುಡಿ, ಮಾತ್ರೆ ಮಾರುವವರು ದುರುಪಯೋಗ ಮಾಡುತ್ತಿದ್ದಾರೆಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದಲೇ ತೆಗೆದುಹಾಕಿತು.

ಎಲೆಯ ಹೆಸರು ಹೇಳಿ ಅಡಿಕೆ ಜಗಿಯುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ‘ನಾನು ತಂಬಾಕು ಮುಟ್ಟುವುದಿಲ್ಲ ಡಾಕ್ಟ್ರೇ’ ಎಂಬ ಸಮಾಧಾನ ಬೇಡ. ಇವತ್ತೇ ಕನ್ನಡಿ ಮುಂದೆ ಬಾಯಿ ತೆರೆಯಿರಿ. ನಿಮ್ಮದೇ ಮೂರು ಬೆರಳು ಮೇಲೆ ಕೆಳಗಾಗಿ ಹಲ್ಲುಗಳ ನಡುವೆ ಹಿಡಿಸಬೇಕು. ಹಿಡಿಸದಿದ್ದರೆ, ಖಾರ ತಾಕಿದರೆ ಉರಿಯುತ್ತಿದ್ದರೆ, ಬಿಳಿ ಮಚ್ಚೆ ಕಂಡರೆ ದಂತವೈದ್ಯರಿಗೆ ತೋರಿಸಿ. ಬಯಾಪ್ಸಿ ಎಂದರೆ ಹೆದರಿ ಓಡಿಬರಬೇಡಿ.

ಪ್ರಶ್ನೆ: ಅಪ್ಪನಿಗೆ 58 ವರ್ಷ. ಸದಾ ಬಾಯಾರಿಕೆ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುತ್ತಾರೆ. ಮೂತ್ರದ ಪಟ್ಟಿಯಲ್ಲಿ ಸಕ್ಕರೆ ಕಾಣಲಿಲ್ಲ. ದಿನವೂ ವಿಟಮಿನ್ ಸಿ ಮಾತ್ರೆ ಚೀಪುತ್ತಾರೆ.
– ಓದುಗರು, ಹಿರೇಕೆರೂರು

ಉತ್ತರ: ಆ ಮಾತ್ರೆಯ ಮಾತು ಬರೆದದ್ದು ಒಳ್ಳೆಯದಾಯಿತು. ಮೂತ್ರದ ಪಟ್ಟಿಯಲ್ಲೂ ಬಣ್ಣ ಬರಿಸುವುದು ಪೆರಾಕ್ಸಿಡೇಸ್. ಮೂತ್ರದಲ್ಲಿ ವಿಟಮಿನ್ ಸಿ ಹೆಚ್ಚಿದ್ದರೆ, ಸಕ್ಕರೆ ಇದ್ದರೂ ಬಣ್ಣ ಮೂಡದೆ ಹೋಗಬಹುದು. ಮಾತ್ರೆ ನಿಲ್ಲಿಸಿ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತದ ಸಕ್ಕರೆ, ಎಚ್‌ಬಿಎ1ಸಿ, ಕ್ರಿಯಾಟಿನಿನ್ ಈ ವಾರವೇ ಮಾಡಿಸಿ. ಸಕ್ಕರೆ ಇಲ್ಲವೆಂದಾದರೆ ಪ್ರಾಸ್ಟೇಟ್ ನೋಡಿಸಿ. ಸಕ್ಕರೆಯೇ ಇದ್ದರೂ ಗಾಬರಿ ಬೇಡ, ಹತೋಟಿಗೆ ತರಬಹುದು.

ಪ್ರಶ್ನೆ: ನನಗೆ 34, ಹಿಮೋಗ್ಲೋಬಿನ್ 9. ಆ್ಯಂಟಿಆಕ್ಸಿಡೆಂಟ್ ಸಿಗಲೆಂದು ಊಟದ ಜೊತೆಗೇ ಗ್ರೀನ್ ಟೀ ಕುಡಿಯುತ್ತೇನೆ. ಸರಿಯೇ?
– ಓದುಗರು, ಹಾನಗಲ್

ಉತ್ತರ: ತಪ್ಪು, ತಾಯಿ. ಚಹಾಕ್ಕೆ ಆ ಹೆಸರು ತಂದ ಪಾಲಿಫಿನಾಲುಗಳೇ ಊಟದ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಚಹಾಕ್ಕೂ ಎರಡು ತಾಸು ಅಂತರವಿರಲಿ. ಕಬ್ಬಿಣ ಮೈಗೆ ಹತ್ತಲೆಂದು ಮಡಿಕೆಕಾಳಿನ ಪಲ್ಯಕ್ಕೆ ನಿಂಬೆ ಹಿಂಡಿ. ಒಲೆಯಿಂದ ಇಳಿಸಿದ ಮೇಲೆ. ಕಬ್ಬಿಣದ ಮಾತ್ರೆ ಬೇಕೇ ಬೇಕು. ರಕ್ತ ಎಲ್ಲಿ ಸೋರುತ್ತಿದೆ ಎಂಬುದೂ ತಿಳಿಯಬೇಕು: ಸಿಬಿಸಿ, ಫೆರಿಟಿನ್ ಮಾಡಿಸಿ, ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ ಸ್ಕ್ಯಾನ್ ಕೂಡ. ವರದಿ ಬಂದಮೇಲೆ ಮತ್ತೆ ಬರೆಯಿರಿ.